ಅರಸೊತ್ತಿಗೆ ಹೋದ ಮೇಲೂ ಉಳಿದ ಪಾಂಡುರಂಗ: ವಿಯೆಟ್ನಾಮಿನ ಚಾಮ್ ಜನರ ಪ್ರಕರಣ

2020ರ ಮೇ ತಿಂಗಳಲ್ಲಿ ವಿಯೆಟ್ನಾಮಿನ ಮಿ ಸನ್ ದೇವಾಲಯ ಸಮುಚ್ಚಯದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಜೀರ್ಣೋದ್ಧಾರ ಮಾಡುತ್ತಿದ್ದಾಗ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಸಿಕ್ಕಿತು. ನಮ್ಮ ವಿದೇಶಾಂಗ ಸಚಿವರೇ ಚಿತ್ರ ಹಂಚಿಕೊಂಡದ್ದರಿಂದ ಸುದ್ದಿ ಇಲ್ಲೂ ಹರಡಿತು. ಅನೇಕ ಕನ್ನಡಿಗರು ಆ ಗುಡಿಗಳನ್ನು ಕಟ್ಟಿಸಿದ ಚಾಮ್ ಜನರ ಹಳೆಯ ನಾಡಾದ ‘ಚಂಪಾ’ದ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ ಇರಬೇಕು. ಆದರೆ ಆ ಸುದ್ದಿಯಲ್ಲಿ ಕಲ್ಲಿತ್ತು, ಜನರಿರಲಿಲ್ಲ. ಅಂಥ ಲಿಂಗಗಳನ್ನು ಪ್ರತಿಷ್ಠಾಪಿಸಿದವರ ವಂಶಸ್ಥರು ಅಳಿದುಹೋಗಿಲ್ಲ. ಮಿ ಸನ್‌ನಿಂದ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ, ಫಾನ್ ರಾಂಗ್ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಅವರು ಇಂದಿಗೂ ಗದ್ದೆ ಮಾಡುತ್ತಾರೆ, ಮಡಕೆ ಮಾಡುತ್ತಾರೆ, ವರ್ಷಕ್ಕೊಮ್ಮೆ ಗೋಪುರದ ಬಾಗಿಲು ತೆರೆದು ದೇವರಿಗೆ ಮೀಸುತ್ತಾರೆ.

ನಾನು ಇಲ್ಲಿ ಬರೆಯಹೊರಟಿರುವುದು ಆ ಜನರ ಬಗ್ಗೆ. ಅವರ ಕೊನೆಯ ರಾಜ್ಯವಾದ ಪಾಂಡುರಂಗ ಹೋಗಿ ಎರಡು ಶತಮಾನ ಆಗುತ್ತ ಬಂತು. ಸೈನ್ಯವಿಲ್ಲ, ಅರಮನೆಯಿಲ್ಲ, ಅವರ ಭಾಷೆಯನ್ನು ಆಡಳಿತ ಭಾಷೆ ಮಾಡಿಕೊಂಡ ದೇಶ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಹಾಗಿದ್ದೂ ಹೇಗೆ ಉಳಿದರು? ಈ ಪ್ರಶ್ನೆಗೆ ‘ಅವರಿಗೆ ತಮ್ಮ ಸಂಸ್ಕೃತಿಯ ಮೇಲೆ ಅಪಾರ ಅಭಿಮಾನ’ ಎಂಬ ಉತ್ತರ ಸಾಲದು. ಅಭಿಮಾನವಿದ್ದೂ ಅಳಿದವರು ಬಹಳ ಮಂದಿ ಇದ್ದಾರೆ. ನನಗೆ ಕಾಣುವ ಕಾರಣ ಬೇರೆ. ಚಾಮರು ತಮ್ಮ ಆಸ್ತಿಯನ್ನು ಒಂದೇ ಕೈಯಲ್ಲಿ ಇಡಲಿಲ್ಲ. ದೇವರ ಉಡುಪು ಒಬ್ಬರ ಬಳಿ, ಪಂಚಾಂಗ ಇಬ್ಬರ ನಡುವೆ, ಸತ್ತವರ ಮೂಳೆ ತಾಯಿಯ ಮನೆತನದಲ್ಲಿ, ಪುಸ್ತಕ ಮನೆಮನೆಯ ಬುಟ್ಟಿಯಲ್ಲಿ. ಅರಸನನ್ನು ಕಿತ್ತುಹಾಕಿದವರಿಗೆ ಇವೆಲ್ಲ ಎಲ್ಲೆಲ್ಲಿ ಇವೆ ಎಂಬುದೇ ತಿಳಿಯಲಿಲ್ಲ.

ಹಿನ್ನೆಲೆ

ಚಂಪಾ ಎಂದರೆ ಒಬ್ಬ ಚಕ್ರವರ್ತಿಯ ಕೆಳಗಿನ ಒಂದೇ ರಾಜ್ಯ ಎಂದುಕೊಳ್ಳುವಂತಿಲ್ಲ. ಇಂದಿನ ಮಧ್ಯ ವಿಯೆಟ್ನಾಮಿನ ಕರಾವಳಿಯುದ್ದಕ್ಕೂ ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ ಎಂಬ ನಾಡುಗಳು ಸಾಲಾಗಿದ್ದವು. ಕೆಲವೊಮ್ಮೆ ಒಂದಾಗಿ, ಕೆಲವೊಮ್ಮೆ ಜಗಳವಾಡಿಕೊಂಡು ನಡೆದವು. ಶಾಸನಗಳಲ್ಲಿ ಸಂಸ್ಕೃತವಿದೆ, ಶಕವರ್ಷವಿದೆ, ಭದ್ರೇಶ್ವರನೆಂಬ ಶಿವನಿದ್ದಾನೆ. ಜೊತೆಗೇ ಅವರ ಸ್ವಂತ ಭಾಷೆಯೂ ಇದೆ. ಚಾಮ್ ಭಾಷೆ ಸುಮಾತ್ರಾದ ಆಚೆ ಭಾಷೆಗೆ ಹತ್ತಿರದ ನಂಟಿನದು; ನಾಲ್ಕನೆಯ ಶತಮಾನದ್ದೆಂದು ಎಣಿಸಲಾದ ಡಾಂಗ್ ಯೆನ್ ಚೌ ಶಾಸನ ಆ ಇಡೀ ಭಾಷಾ ಕುಟುಂಬದಲ್ಲೇ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ.

ಉತ್ತರದಿಂದ ವಿಯೆಟ್ ಅರಸರು ಇಳಿಯುತ್ತ ಬಂದರು. 1471ರಲ್ಲಿ ಲೆ ಥಾನ್ ಟಾಂಗ್ ವಿಜಯ ನಗರಿಯನ್ನು ಹಿಡಿದ. ಉಳಿದದ್ದು ತೆಂಕಣದ ಕೌಠಾರ ಮತ್ತು ಪಾಂಡುರಂಗ. 1693ರ ಹೊತ್ತಿಗೆ ಅವೂ ವಿಯೆಟ್ನಾಮಿನ ನುಯೆನ್ ಪ್ರಭುಗಳ ಅಧೀನಕ್ಕೆ ಬಂದವು. ಹೆಸರಿಗೆ ಅರಸರಿದ್ದರು. 1832ರಲ್ಲಿ ಮಿನ್ ಮಾಂಗ್ ಚಕ್ರವರ್ತಿ ಆ ಹೆಸರನ್ನೂ ಅಳಿಸಿದ. ಚಾಮರು ವಿಯೆಟ್ ಜನರಂತೆ ಬದುಕಬೇಕೆಂದು ಆಜ್ಞೆಯಾಯಿತು. ಮುಸಲ್ಮಾನ ಸಂಪ್ರದಾಯದವರಿಗೆ ಹಂದಿ ಮಾಂಸ, ಶೈವ ಸಂಪ್ರದಾಯದವರಿಗೆ ದನದ ಮಾಂಸ ತಿನ್ನಿಸಿದರೆಂದು ಚಾಮ್ ಹಸ್ತಪ್ರತಿಗಳು ದಾಖಲಿಸಿವೆ. ಕಾತಿಪ್ ಸುಮತ್ ಎಂಬವನ, ಆಮೇಲೆ ಜಾ ಥಾಕ್ ವಾ ಎಂಬವನ ಮುಂದಾಳುತನದಲ್ಲಿ 1833ರಿಂದ 1835ರ ತನಕ ದಂಗೆಗಳು ನಡೆದವು. ಎರಡನ್ನೂ ನಿರ್ದಯವಾಗಿ ಹತ್ತಿಕ್ಕಿದರು. ರಾಜಕೀಯ ಚಂಪಾದ ಕತೆ ಅಲ್ಲಿಗೆ ಮುಗಿಯಿತು.

2019ರ ಜನಗಣತಿಯ ಪ್ರಕಾರ ವಿಯೆಟ್ನಾಮಿನಲ್ಲಿ ಚಾಮರ ಸಂಖ್ಯೆ 1,78,948. ಅವರಲ್ಲಿ ಅತಿ ಹೆಚ್ಚಿನವರು, ಸುಮಾರು 67 ಸಾವಿರ ಮಂದಿ, ಹಳೆಯ ಪಾಂಡುರಂಗದ ನಡುನೆಲವಾದ ನಿನ್ ಥುವಾನ್ ಪ್ರಾಂತ್ಯದಲ್ಲಿದ್ದರು. ಅಲ್ಲಿ ಒಂಬತ್ತು ಜನರಲ್ಲಿ ಒಬ್ಬರು ಚಾಮ್. 2025ರ ಜುಲೈಯಲ್ಲಿ ಆ ಪ್ರಾಂತ್ಯವನ್ನು ಖಾನ್ ಹೋವಾದೊಳಗೆ ಸೇರಿಸಿದ್ದಾರೆ. ದೊಡ್ಡದಾದ ಹೊಸ ಪ್ರಾಂತ್ಯದಲ್ಲಿ ಅವರ ಪ್ರಮಾಣ ತೀರ ಇಳಿದಿದೆ. ಈ ಬರಹ ನಿನ್ ಥುವಾನ್ ಎಂದಾಗ ಆ ಹಳೆಯ ಗಡಿಯೊಳಗಿನ ಪ್ರದೇಶವನ್ನೇ ಹೇಳುತ್ತಿದೆ. ವಿಯೆಟ್ನಾಮಿನಲ್ಲೇ ಅತಿ ಕಡಿಮೆ ಮಳೆ ಬೀಳುವ ನೆಲ ಅದು. ಅಲ್ಲಿನ ಕಾಲುವೆ, ಒಡ್ಡುಗಳಲ್ಲಿ ಕೆಲವನ್ನು ಪೋ ಕ್ಲೋಂಗ್ ಗರಾಯ್, ಪೋ ರೋಮೆ ಎಂಬ ಅರಸರು ಕಟ್ಟಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಆ ಅರಸರೇ ಇಂದು ದೇವರು.

ದೇವರ ಉಡುಪು ಬೆಟ್ಟದ ಮೇಲೆ

ಫಾನ್ ರಾಂಗ್ ಪಕ್ಕದ ಗುಡ್ಡದ ಮೇಲೆ ಪೋ ಕ್ಲೋಂಗ್ ಗರಾಯ್ ಗೋಪುರಗಳಿವೆ. ಹದಿಮೂರನೆಯ ಶತಮಾನದ ಕೊನೆ, ಹದಿನಾಲ್ಕರ ಆದಿಯಲ್ಲಿ ಮೂರನೆಯ ಜಯಸಿಂಹವರ್ಮ ಕಟ್ಟಿಸಿದ ಇಟ್ಟಿಗೆಯ ಕಟ್ಟಡಗಳು. ಮುಖ್ಯ ಗೋಪುರದ ಬಾಗಿಲ ಮೇಲೆ ಆರು ಕೈಗಳ ಶಿವ ಕುಣಿಯುತ್ತಿದ್ದಾನೆ. ಒಳಗೆ ಅರಸನ ಮುಖ ಹೊತ್ತ ಮುಖಲಿಂಗ, ಅದರ ಮುಂದಿನ ಅಂಕಣದಲ್ಲಿ ನಂದಿ. ಬೆಳೆ ಚೆನ್ನಾಗಿ ಬರಲೆಂದು ರೈತರು ಆ ನಂದಿಗೆ ಮೇವು ಇಟ್ಟು ಬೇಡಿಕೊಳ್ಳುವ ವಾಡಿಕೆಯಿತ್ತು.

ಚಾಮ್ ಪಂಚಾಂಗದ ಏಳನೆಯ ತಿಂಗಳ ಮೊದಲ ದಿನ, ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಇಲ್ಲಿ ಕಾಟೆ ಹಬ್ಬ. ಹಬ್ಬ ಮಾಡುವವರು ಚಾಮರು. ಆದರೆ ದೇವರಿಗೆ ಉಡಿಸುವ ಬಟ್ಟೆ ಅವರ ಬಳಿ ಇರುವುದಿಲ್ಲ. ಅದನ್ನು ಪಶ್ಚಿಮದ ಬೆಟ್ಟಗಳಲ್ಲಿ ವಾಸಿಸುವ ರಗ್ಲಾಯ್ ಜನ ಕಾಪಾಡುತ್ತಾರೆ. ಹಬ್ಬದ ಹಿಂದಿನ ದಿನ ಅವರು ತಮ್ಮ ಕಂಚಿನ ಜಾಗಟೆಗಳನ್ನು ಬಾರಿಸಿಕೊಂಡು ಕೆಳಗಿಳಿದು ಬರುತ್ತಾರೆ. ಹೂ ಡುಕ್ ಹಳ್ಳಿಯಲ್ಲಿ ಪೋ ಇನು ನಗರ್ ದೇವಿಯ ಉಡುಪನ್ನು ಚಾಮರು ಮೆರವಣಿಗೆಯಲ್ಲಿ ಎದುರುಗೊಳ್ಳುವ ನೋಟ ಕಾಟೆಯ ಮೊದಲ ಅಧ್ಯಾಯ.

ಯಾಕೆ ರಗ್ಲಾಯ್? ಯುದ್ಧಕಾಲದಲ್ಲಿ ಅರಸರು ತಮ್ಮ ಒಡವೆ ವಸ್ತುಗಳನ್ನು ಬೆಟ್ಟದವರ ವಶಕ್ಕೆ ಕೊಟ್ಟರೆಂದು ಒಂದು ಮಾತು. ಇನ್ನೊಂದು ವಿವರಣೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಚಾಮ್ ಹಿರಿಯ, ರಗ್ಲಾಯ್ ಕಿರಿಯ ಎಂಬ ನಾಣ್ಣುಡಿ ಅವರಲ್ಲಿದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಈ ಸಮಾಜದಲ್ಲಿ ಮನೆ, ಪಿತೃಗಳ ಪೂಜೆ, ಹಿರಿಯರ ಸಾಮಾನು ಎಲ್ಲ ಕಿರಿಯ ಮಗಳ ಪಾಲಿಗೆ ಬರುತ್ತದೆ. ರಗ್ಲಾಯ್ ಜನ ಆ ಕಿರಿಯ ಮಗಳು. ಹಾಗಾಗಿ ಅರಸರ ಉಡುಪು ಅವರಲ್ಲಿ ಇರಬೇಕಾದದ್ದೇ. ಬೇರೆ ಜನಾಂಗವೊಂದನ್ನು ಮನೆಯ ಮಗಳ ಸ್ಥಾನದಲ್ಲಿ ಕೂರಿಸಿ, ಅವರು ಬಾರದೆ ಹಬ್ಬವೇ ಶುರುವಾಗದಂತೆ ಕಟ್ಟಿದ ಈ ಏರ್ಪಾಟು ನನ್ನನ್ನು ಬಹಳ ಕಾಡಿದೆ. ಬಯಲಿನ ಹಳ್ಳಿ ಸುಟ್ಟುಹೋದರೂ ಬೆಟ್ಟದ ಮೇಲಿನ ಪೆಟ್ಟಿಗೆ ಸುರಕ್ಷಿತ.

ಮಾರನೆಯ ಬೆಳಿಗ್ಗೆ ಉಡುಪಿನ ಮೆರವಣಿಗೆ ಗುಡ್ಡ ಹತ್ತುತ್ತದೆ. ಮುಚ್ಚಿದ ಬಾಗಿಲ ಮುಂದೆ ಅಗರು ಉರಿಸಿ, ನೀರು ಚಿಮುಕಿಸಿ, ಬಾಗಿಲು ತೆರೆಯಲು ದೇವರ ಅಪ್ಪಣೆ ಬೇಡುತ್ತಾರೆ. ಆಮೇಲೆ ಮೂರ್ತಿಗೆ ಸ್ನಾನ. ಮೈಮೇಲಿಂದ ಇಳಿದ ಆ ನೀರನ್ನು ಜನ ತಲೆಗೆ, ಮೈಗೆ ಸವರಿಕೊಳ್ಳುತ್ತಾರೆ. ಆಮೇಲೆ ಉಡುಪು ಏರಿಸಿ ಮಹಾನೈವೇದ್ಯ. ಈ ಹೊತ್ತಿನಲ್ಲಿ ಪ್ರಧಾನ ಪೂಜಾರಿಯಷ್ಟೇ ಮುಖ್ಯನಾದವನು ಕಾಧರ್. ಆಮೆಯ ಚಿಪ್ಪಿನ ಬುರುಡೆಯುಳ್ಳ, ಎರಡು ತಂತಿಯ ಕಾನ್ಯಿ ಎಂಬ ವಾದ್ಯವನ್ನು ಕಮಾನಿನಿಂದ ನುಡಿಸುತ್ತ ಅವನು ಒಬ್ಬೊಬ್ಬ ದೇವರನ್ನೇ ಹೆಸರು ಹಿಡಿದು ಕರೆಯುತ್ತಾನೆ. ಪಜಾವ್ ಎಂಬ ಪೂಜಾರಿಣಿ ನೈವೇದ್ಯ ನೀಡುತ್ತಾಳೆ. ಆ ಸ್ತುತಿಗಳಲ್ಲಿ ಬರುವ ದೇವರುಗಳಲ್ಲಿ ಹಲವರು ಪಾಂಡುರಂಗದ ಅರಸರು, ಸೇನಾನಿಗಳು. ಯಾವ ರಾಜ್ಯದಲ್ಲಿ ಯಾರು ಏನು ಮಾಡಿದರು ಎಂಬುದು ಅಲ್ಲಿ ಹಾಡಾಗಿ ಬರುತ್ತದೆ. ಸರಕಾರಿ ಶಾಲೆಯ ಇತಿಹಾಸ ಪುಸ್ತಕದಲ್ಲಿ ಜಾಗ ಸಿಗದ ಹೆಸರುಗಳಿಗೆ ಈ ಗೋಪುರದೊಳಗೆ ವರ್ಷಕ್ಕೊಮ್ಮೆ ಊಟವೂ ಸಿಗುತ್ತದೆ, ಕರೆಯೂ ಸಿಗುತ್ತದೆ.

ಹೊರಗೆ ಗಿನಾಂಗ್ ಎಂಬ ಜೋಡಿ ಮದ್ದಳೆ, ನಮ್ಮ ಶಹನಾಯಿಯ ಬಳಗಕ್ಕೇ ಸೇರಿದ ಸರಾನಾಯ್, ಕುಣಿತ. ಗೋಪುರದ ಹಬ್ಬ ಮುಗಿದ ಮೇಲೆ ಊರ ಕಾಟೆ, ಆಮೇಲೆ ಮನೆಮನೆಯ ಕಾಟೆ. ಗೋಪುರಕ್ಕೆ ಪ್ರವಾಸಿಗರು ತುಂಬಿಕೊಂಡಿದ್ದಾರೆ, ವೇದಿಕೆಯ ಭಾಷಣಗಳು ಹೆಚ್ಚಿವೆ ಎಂಬ ಅಸಮಾಧಾನ ಚಾಮರಲ್ಲೇ ಇದೆ. 2017ರಲ್ಲಿ ಕಾಟೆಗೆ ರಾಷ್ಟ್ರೀಯ ಅಮೂರ್ತ ಪರಂಪರೆಯ ಮಾನ್ಯತೆ ಸಿಕ್ಕ ಮೇಲೆ ಅದು ಇನ್ನಷ್ಟು ಹೆಚ್ಚಾಯಿತು. ಆದರೆ ಮನೆಯ ಕಾಟೆಗೆ ಟಿಕೆಟ್ ಇಲ್ಲ, ಮೈಕೂ ಇಲ್ಲ. ಸಾಯ್ಗಾನಿನಲ್ಲಿ ಓದುವ, ದುಡಿಯುವ ಹುಡುಗರು ಬಸ್ ಹಿಡಿದು ಬರುವುದು ಆ ಹಬ್ಬಕ್ಕೆ.

ಎರಡು ಧರ್ಮ, ಒಂದು ಪಂಚಾಂಗ

ಭಾರತದಲ್ಲಿ ಚಾಮರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ವಿಯೆಟ್ನಾಮಿನ ಹಿಂದೂಗಳು’ ಎಂದು ಬರೆದು ಮುಗಿಸುತ್ತಾರೆ. ಅರ್ಧ ಚಿತ್ರ ಅದು. ಪಾಂಡುರಂಗದ ಚಾಮರಲ್ಲಿ ಎರಡು ಪಂಗಡಗಳಿವೆ. ಶೈವ ಮೂಲದ ಪೂಜೆ ನಡೆಸುವವರು ಅಹಿಯೆರ್. ಸರಕಾರದ ದಾಖಲೆಗಳಲ್ಲಿ ಅವರಿಗೆ ಬ್ರಾಹ್ಮಣ ಧರ್ಮದವರೆಂದು ಹೆಸರು. ಇಸ್ಲಾಮಿನಿಂದ ಬಂದ ಆಚರಣೆಯವರು ಅವಾಲ್ ಅಥವಾ ಬಾನಿ. ಮೊದಲಿನವರು ದನದ ಮಾಂಸ ತಿನ್ನುವುದಿಲ್ಲ, ಎರಡನೆಯವರು ಹಂದಿಯನ್ನು ಮುಟ್ಟುವುದಿಲ್ಲ. ಇಷ್ಟು ಕೇಳಿದೊಡನೆ ನಮ್ಮ ಮನಸ್ಸು ಒಂದು ಪರಿಚಿತ ಜಗಳವನ್ನು ಊಹಿಸಿಕೊಳ್ಳುತ್ತದೆ. ಅಲ್ಲಿ ನಡೆದದ್ದು ಬೇರೆ.

ಅಹಿಯೆರ್ ದೇವರ ಪಟ್ಟಿಯಲ್ಲಿ ಪೋ ಔಲ್ವಾ ಇದ್ದಾನೆ, ಅವನು ಅಲ್ಲಾಹನೇ. ಅಹಿಯೆರ್ ಹಳ್ಳಿಯಲ್ಲಿ ವರ್ಷಾರಂಭದ ರಿಜಾ ನಗರ್ ನಡೆಯುವಾಗ ಬಾನಿ ಪುರೋಹಿತರನ್ನು ಕರೆಸಲೇಬೇಕು. ಈ ಪುರೋಹಿತರಿಗೆ ಅಚಾರ್ ಎಂದು ಹೆಸರು. ಅವರ ಮೇಲಿನವನು ಪೋ ಗ್ರು. ಕುರಾನ್ ಓದುವ ಪುರೋಹಿತನಿಗೆ ಆಚಾರ್ಯ, ಗುರು ಎಂಬ ಪದವಿಗಳು ಬಂದದ್ದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ರಿಜಾ ನಗರ್‌ನಲ್ಲಿ ಬರಾನಾಂಗ್ ಎಂಬ ತಮಟೆಯ ಲಯಕ್ಕೆ ಕಾಯಿಂಗ್ ಎಂಬಾತ ಕುಣಿಯುತ್ತ ಬರಿಗಾಲಿನಲ್ಲಿ ಬೆಂಕಿಯನ್ನು ತುಳಿದು ಆರಿಸುತ್ತಾನೆ. ಹಳೆಯ ವರ್ಷದ ಕೇಡು ಅಲ್ಲಿಗೆ ಹೋಯಿತೆಂದು ನಂಬಿಕೆ.

ಬಾನಿಗಳ ರಾಮುವಾನ್ ತಿಂಗಳು ಇನ್ನೊಂದು ಸೋಜಿಗ. ಎಲ್ಲರೂ ಉಪವಾಸ ಮಾಡುವುದಿಲ್ಲ. ಬಿಳಿ ನಿಲುವಂಗಿ ತೊಟ್ಟ, ತಲೆ ಬೋಳಿಸಿದ ಅಚಾರರು ಮಸೀದಿಯೊಳಗೆ ಸೇರಿಕೊಂಡು, ಮನೆಗೆ ಹೋಗದೆ, ಇಡೀ ಸಮುದಾಯದ ಪರವಾಗಿ ವ್ರತ ನಡೆಸುತ್ತಾರೆ. ಹೆಂಗಸರು ಗೊತ್ತಾದ ಹೊತ್ತಿಗೆ ಊಟದ ತಟ್ಟೆಗಳನ್ನು ತಂದೊಪ್ಪಿಸುತ್ತಾರೆ. ತಿಂಗಳು ಶುರುವಾಗುವ ಮೊದಲು ಎಲ್ಲರೂ ಘೂರ್ ಎಂಬ ಮರಳಿನ ರುದ್ರಭೂಮಿಗೆ ಹೋಗಿ ಹಿರಿಯರ ಗೋರಿಯ ಕಲ್ಲುಗಳ ಮುಂದೆ ಕೂರುತ್ತಾರೆ. ದೂರದೂರಿನವರೂ ಅಂದು ಬಂದಿರುತ್ತಾರೆ.

ಈ ಎರಡು ಪಂಗಡಗಳನ್ನು ಹೊಲಿದಿರುವ ದಾರ ಸಕಾವಿ ಎಂಬ ಪಂಚಾಂಗ. ಬಾನಿಗಳ ವರ್ಷ ಬರಿಯ ಚಂದ್ರನದು, ಆದ್ದರಿಂದ ಋತುಗಳ ಮೇಲೆ ಜಾರುತ್ತ ಹೋಗುತ್ತದೆ. ಅಹಿಯೆರ್ ವರ್ಷಕ್ಕೆ ಆಗಾಗ ಅಧಿಕ ಮಾಸ ಸೇರಿಸಿ ಬೇಸಾಯಕ್ಕೆ ಹೊಂದಿಸುತ್ತಾರೆ. ಎಂಟು ವರ್ಷಗಳ ಆವರ್ತವೊಂದನ್ನು ಇಟ್ಟುಕೊಂಡು ಎರಡನ್ನೂ ಜೊತೆಗೆ ನಡೆಸಬೇಕು. ಇದು ಶಾಸ್ತ್ರದ ಚಪಲಕ್ಕೆ ಮಾಡಿದ ಲೆಕ್ಕವಲ್ಲ. ರಾಮುವಾನ್ ನಡೆಯುತ್ತಿರುವಾಗ ಅಚಾರರು ಮಸೀದಿ ಬಿಟ್ಟು ಬರುವಂತಿಲ್ಲ. ಅದೇ ಹೊತ್ತಿಗೆ ಅಹಿಯೆರ್ ಹಳ್ಳಿಯಲ್ಲಿ ರಿಜಾ ನಗರ್ ಬಿದ್ದರೆ ಕರೆಯುವುದು ಯಾರನ್ನು? ಹೀಗಾಗಿ ಎರಡೂ ಕಡೆಯ ಹಿರಿಯರು ಕೂತು ಮಾತಾಡಲೇಬೇಕು. ಲೆಕ್ಕ ತಪ್ಪಿ, ಒಂದೇ ಹಬ್ಬವನ್ನು ಬೇರೆ ಬೇರೆ ಹಳ್ಳಿಗಳು ಬೇರೆ ದಿನ ಮಾಡಿದ್ದೂ ಇದೆ, ಅದರ ಬಗ್ಗೆ ಬಿಸಿ ವಾದಗಳೂ ನಡೆದಿವೆ. ಆದರೂ ಆ ವಾದಕ್ಕಾಗಿಯೇ ಇಬ್ಬರೂ ಒಂದೆಡೆ ಸೇರುತ್ತಾರೆ ಎಂಬುದನ್ನು ಗಮನಿಸಬೇಕು. ಹದಿನೇಳನೆಯ ಶತಮಾನದಲ್ಲಿ ಆಳಿದ ಪೋ ರೋಮೆ ಅರಸನೇ ಜಗಳ ನಿಲ್ಲಿಸಿ ಈ ಹೊಂದಾಣಿಕೆ ಮಾಡಿಸಿದನೆಂದು ಐತಿಹ್ಯ.

ಇಂದಿನ ಒತ್ತಡ ಹೊರಗಿನಿಂದಲೂ ಬಂದಿದೆ. 1960ರ ದಶಕದಲ್ಲಿ ನಿನ್ ಥುವಾನಿನ ಕೆಲವು ಬಾನಿ ಹಳ್ಳಿಗಳಲ್ಲಿ ಸುನ್ನಿ ಇಸ್ಲಾಮಿನ ಸುಧಾರಣೆ ಬಂತು. ಐದು ಹೊತ್ತಿನ ನಮಾಜು, ಎಲ್ಲರಿಗೂ ಉಪವಾಸ, ಅರಸರ ಪೂಜೆ ಬೇಡ ಎಂಬ ಬೋಧನೆ. ಒಂದೇ ಮನೆಯಲ್ಲಿ ಬಿರುಕು ಬಿದ್ದ ಉದಾಹರಣೆಗಳಿವೆ. ಜನಗಣತಿಯ ಕಡತವೂ ತೊಡಕು ತಂದಿದೆ. 2019ರ ಎಣಿಕೆಯಲ್ಲಿ ಬ್ರಾಹ್ಮಣ ಧರ್ಮದವರು ಸುಮಾರು 64 ಸಾವಿರ, ಇಸ್ಲಾಮಿನವರು ಸುಮಾರು 71 ಸಾವಿರ. ಬಾನಿಗಳು ಈ ಎರಡನೆಯ ಕಲಮಿನೊಳಗೆ ಕರಗಿಹೋಗುತ್ತಾರೆ. ‘ನಮ್ಮ ಗುರುತಿನ ಚೀಟಿಯಲ್ಲಿ ಬಾನಿ ಎಂದೇ ಬರೆಯಿರಿ’ ಎಂದು ಅವರು ಕೇಳುತ್ತ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಬಾನಿ ಎಂಬುದು ಇಸ್ಲಾಮಿನ ಒಂದು ಅರೆಬೆಂದ ರೂಪವೆಂದು ಬಗೆದರೆ ಇಷ್ಟು ಶತಮಾನಗಳ ಒಂದು ದೊಡ್ಡ ಸಾಧನೆಯನ್ನೇ ಕಡೆಗಣಿಸಿದಂತಾಗುತ್ತದೆ. ಅಹಿಯೆರ್ ಜನರನ್ನು ‘ಮರೆತುಹೋದ ಹಿಂದೂಗಳು’ ಎಂದು ಕರೆದು ಅವರಿಗೆ ಶುದ್ಧ ಹಿಂದೂ ಧರ್ಮ ಕಲಿಸಹೊರಡುವ ನಮ್ಮ ಕಡೆಯ ಉತ್ಸಾಹಕ್ಕೂ ಇದೇ ಮಾತು ಅನ್ವಯ. ಪೋ ಔಲ್ವಾನನ್ನು ಪಟ್ಟಿಯಿಂದ ತೆಗೆದರೆ ಅವರ ಊರಿನ ಹೊಸ ವರ್ಷ ನಡೆಯುವುದೇ ಇಲ್ಲ.

ತಾಯಿಯ ಮನೆತನ

ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಚಾಮರ ಮನೆಯ ವ್ಯವಸ್ಥೆ ಹೊಸದೆನಿಸದು. ಅಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ, ಆಸ್ತಿ ಹೆಣ್ಣುಮಕ್ಕಳಿಗೆ ಇಳಿಯುತ್ತದೆ, ಮೂಲಮನೆ ಕಿರಿಯ ಮಗಳದು. ಆದರೆ ಗಂಡು ತನ್ನ ತಾಯಿಯ ಮನೆತನವನ್ನು ಬಿಟ್ಟುಹೋದಂತಾಗುವುದಿಲ್ಲ. ಸತ್ತ ಮೇಲೆ ಅವನು ಹಿಂದಿರುಗಬೇಕು.

ಅಹಿಯೆರ್ ಪದ್ಧತಿಯಲ್ಲಿ ಶವವನ್ನು ಸುಡುತ್ತಾರೆ. ಹಣೆಯ ಮೂಳೆಯ ಒಂಬತ್ತು ತುಣುಕುಗಳನ್ನು ಆರಿಸಿ ಕ್ಲೋಂಗ್ ಎಂಬ ಪುಟ್ಟ ಡಬ್ಬಿಯಲ್ಲಿ ಇಡುತ್ತಾರೆ. ಮನೆತನದಲ್ಲಿ ಅಂಥ ಡಬ್ಬಿಗಳು ಸಾಕಷ್ಟು ಸೇರಿದಾಗ ದೊಡ್ಡ ಕರ್ಮ ಮಾಡಿ, ತಾಯಿಯ ವಂಶದ ಕುಟ್ ಎಂಬ ಸ್ಮಶಾನದಲ್ಲಿ ಕಲ್ಲುಗಳ ಕೆಳಗೆ ಸೇರಿಸುತ್ತಾರೆ. ಗಂಡ ಹೆಂಡತಿ ಇಡೀ ಬಾಳನ್ನು ಒಟ್ಟಿಗೆ ಕಳೆದಿರಬಹುದು, ಅವರ ಮೂಳೆಗಳು ಬೇರೆ ಬೇರೆ ಕುಟ್‌ಗಳಲ್ಲಿ ಇರುತ್ತವೆ. ಬಾನಿಗಳೂ ತಾಯಿಯ ವಂಶದ ಸಾಲಿನಲ್ಲೇ ಹೂಳುತ್ತಾರೆ. ಧರ್ಮ ಬೇರೆಯಾದರೂ ತಾಯಿಯ ಲೆಕ್ಕ ಎರಡೂ ಕಡೆ ಒಂದೇ.

ಊರು ಬಿಟ್ಟು ಎಷ್ಟು ದೂರ ಹೋದವನಿಗೂ ತನ್ನ ಕೊನೆಯ ಜಾಗ ಎಲ್ಲಿ ಎಂಬುದು ಗೊತ್ತಿರುತ್ತದೆ. ಗುರುತು ಉಳಿಯುವುದಕ್ಕೆ ಇದಕ್ಕಿಂತ ಬಲವಾದ ಹಿಡಿಕೆ ನನಗೆ ಕಾಣದು. ಇದರ ಬೆಲೆಯನ್ನೂ ಹೇಳಬೇಕು. ಅಹಿಯೆರ್ ಮತ್ತು ಅವಾಲ್ ನಡುವಿನ ಮದುವೆಗೆ ಹಿಂದಿನಿಂದಲೂ ಕಟ್ಟುನಿಟ್ಟಾದ ತಡೆಯಿತ್ತು. ಪ್ರೀತಿಸಿದವರು ಎರಡೂ ಕಡೆಯಿಂದ ಹೊರಬಿದ್ದ ದುರಂತಗಳು ಅವರ ಹಳೆಯ ಕಾವ್ಯಗಳಲ್ಲೇ ಇವೆ. ಚಾಮ್ ಗಂಡಸು ವಿಯೆಟ್ ಹೆಂಗಸನ್ನು ಮದುವೆಯಾದರೆ ಮಕ್ಕಳಿಗೆ ಕುಟ್ ಇಲ್ಲ. ನಗರದಲ್ಲಿ ಅಂಥ ಮದುವೆಗಳು ಹೆಚ್ಚುತ್ತಿರುವಾಗ ಈ ಕಟ್ಟಳೆ ಮನುಷ್ಯರನ್ನು ನೋಯಿಸುತ್ತದೆ. ಜನರನ್ನು ಹಿಡಿದಿಟ್ಟದ್ದೂ ಹೊರಗಿಟ್ಟದ್ದೂ ಒಂದೇ ನಿಯಮ.

ಹೆಂಗಸರ ಕೈಯಲ್ಲಿ ಏನೇನು ಉಳಿಯಿತು ನೋಡಿ. ನೆರೆಯ, 2025ರ ತನಕ ಬೇರೆ ಪ್ರಾಂತ್ಯವಾಗಿದ್ದ ಬಿನ್ ಥುವಾನಿನ ಬಾಕ್ ಬಿನ್ ಸೀಮೆಯ ಟಿನ್ ಮಿ ಹಳ್ಳಿಯಲ್ಲಿ ಹದಿನೇಳನೆಯ ಶತಮಾನದ ಅರಸ ಪೋ ಕ್ಲೋಂಗ್ ಮನಾಯ್‌ನ ವಂಶಸ್ಥರ ಮನೆಯಿದೆ. ಅರಸನ ಕಿರೀಟ, ರಾಣಿಯ ಮುಡಿಯ ಒಡವೆ, ಉಡುಪುಗಳನ್ನು ಆ ಮನೆಯ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿದ್ದಾರೆ. ಅರಮನೆ ಹೋಯಿತು, ಕಿರೀಟ ಒಂದು ಮನೆಯಲ್ಲಿ ಉಳಿಯಿತು.

ಫಾನ್ ರಾಂಗ್ ಹತ್ತಿರದ ಬಾವ್ ಟ್ರುಕ್ ಹಳ್ಳಿಯ ಮಡಕೆಯೂ ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಅಲ್ಲಿ ತಿಗರಿ ಇಲ್ಲ. ಕ್ವಾವ್ ನದಿಯ ದಡದ ಗದ್ದೆಗಳಿಂದ ತಂದ ಜೇಡಿಗೆ ನಯವಾದ ಮರಳು ಬೆರೆಸಿ ಹದ ಮಾಡುತ್ತಾರೆ. ಮಣ್ಣಿನ ಮುದ್ದೆ ದಿಮ್ಮಿಯಂಥ ಪೀಠದ ಮೇಲೆ ಅಲ್ಲಾಡದೆ ಕೂತಿರುತ್ತದೆ. ಹೆಂಗಸು ಬಾಗಿ, ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಅದರ ಸುತ್ತ ತಿರುಗುತ್ತಾಳೆ. ಬೆರಳಿನಿಂದ ಗೋಡೆ ಎತ್ತಿ, ಬಿದಿರಿನ ಬಳೆಯಿಂದ ಹೆರೆದು, ಒದ್ದೆ ಬಟ್ಟೆಯಿಂದ ಅಂಚು ನಯ ಮಾಡುತ್ತಾಳೆ. ಒಂದು ದೊಡ್ಡ ಹಂಡೆ ಎದ್ದು ನಿಲ್ಲುವುದರೊಳಗೆ ಅವಳು ಅದೇ ಜಾಗದಲ್ಲಿ ಬಹುದೂರ ನಡೆದಿರುತ್ತಾಳೆ. ಸುಡುವುದಕ್ಕೂ ಆವಿಗೆಯ ಗೋಡೆಯಿಲ್ಲ. ಬಯಲಿನಲ್ಲಿ ಸೌದೆ, ಹುಲ್ಲು ಒಟ್ಟಿ ಗಾಳಿ ನೋಡಿ ಬೆಂಕಿ ಹಾಕುತ್ತಾರೆ. ಬಿಸಿ ಇರುವಾಗಲೇ ಗಿಡದ ರಸ ಚಿಮುಕಿಸಿದರೆ ಕೆಂಪು, ಹಳದಿ, ಕಪ್ಪು ಮಚ್ಚೆಗಳು ಮೂಡುತ್ತವೆ. ಯಾವ ಎರಡು ಮಡಕೆಯೂ ಒಂದೇ ತರಹ ಇರುವುದಿಲ್ಲ.

2022ರ ನವೆಂಬರಿನಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಂಡಾಡುವ ಪಟ್ಟಿಯಲ್ಲ ಅದು, ಎಚ್ಚರಿಕೆಯ ಪಟ್ಟಿ. ಊರು ಬೆಳೆದು ಜೇಡಿ ತೆಗೆಯುವ ನೆಲ ಕಡಿಮೆಯಾಗುತ್ತಿದೆ. ನೀರಿನ ಹಂಡೆ, ಒಲೆ ಕೊಳ್ಳುವವರು ಇಲ್ಲವಾಗಿ ಗೋಪುರದ ಪ್ರತಿಕೃತಿ, ದೀಪದ ಗೂಡು, ನರ್ತಕಿಯ ಮೂರ್ತಿಗಳನ್ನು ಮಾಡಿ ಪ್ರವಾಸಿಗರಿಗೆ ಮಾರುತ್ತಾರೆ. ಅದರಿಂದ ಮನೆ ನಡೆಯುತ್ತದೆ, ಅದನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಕಳವಳದ ವಿಷಯ ಬೇರೆ: ದೊಡ್ಡ ಹಂಡೆಯ ಸುತ್ತ ನಡೆಯುವ ಕೈಚಳಕಕ್ಕೆ ಬರುವ ಹುಡುಗಿಯರು ವಿರಳ.

ಕಾಂಬೋಡಿಯಾದ ಪಾಠ

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯಬೇಕು. ಯುದ್ಧ, ದಂಗೆಗಳಿಂದ ಓಡಿಹೋದ ಚಾಮರು ಶತಮಾನಗಳಿಂದ ಕಾಂಬೋಡಿಯಾದಲ್ಲಿ ನೆಲೆಸಿದ್ದಾರೆ. ಇಂದು ಅಲ್ಲಿ ಅವರ ಸಂಖ್ಯೆ ವಿಯೆಟ್ನಾಮಿಗಿಂತ ಹೆಚ್ಚು. ಬಹುತೇಕ ಎಲ್ಲರೂ ಮುಸಲ್ಮಾನರು. 1975ರಿಂದ 1979ರ ವರೆಗೆ ಪೋಲ್ ಪಾಟ್‌ನ ಕಮ್ಯುನಿಸ್ಟ್ ಬಣವಾದ ಖ್ಮೇರ್ ರೂಜ್‌ನ ಆಳ್ವಿಕೆ ಅವರ ಮಸೀದಿ ಮುಚ್ಚಿತು, ಕುರಾನ್ ಕಿತ್ತುಕೊಂಡಿತು, ಹೆಂಗಸರ ತಲೆಗೂದಲು ಕತ್ತರಿಸಿತು, ಹಳ್ಳಿಗಳನ್ನು ಒಡೆದು ಚದುರಿಸಿತು. ಕೋ ಫಾಲ್, ಸ್ವಾಯ್ ಖ್ಲೇಂಗ್ ಹಳ್ಳಿಗಳು ತಿರುಗಿಬಿದ್ದು ನೆತ್ತರಲ್ಲಿ ಮುಳುಗಿದವು. 2018ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನೆರವಿನ ನ್ಯಾಯಾಲಯ ಖ್ಮೇರ್ ರೂಜ್‌ನ ಎರಡನೆಯ ಮುಖಂಡ ನುವೊನ್ ಚಿಯಾನನ್ನು ಚಾಮರ ನರಮೇಧದ ಅಪರಾಧಿಯೆಂದು ಘೋಷಿಸಿತು. ಹಂಚಿಟ್ಟುಕೊಳ್ಳುವ ಯಾವ ಜಾಣತನವೂ ಅಂಥ ಕಾಲದಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಕಾಪಾಡುವ ಮನುಷ್ಯರನ್ನೇ ಹುಡುಕಿ ಕೊಂದರು. ಉಳಿದವರು ಬದುಕನ್ನು ಮತ್ತೆ ಕಟ್ಟುವಾಗ ಮಲೇಷಿಯಾ, ಅರಬ್ ನಾಡುಗಳ ನೆರವು ಬಂತು, ಅದರೊಂದಿಗೆ ಅಲ್ಲಿನ ಧರ್ಮದ ರೀತಿಯೂ ಬಂತು. ಉಡಾಂಗ್ ಸುತ್ತಲಿನ ಇಮಾಂ ಸಾನ್ ಪಂಗಡ ಮಾತ್ರ ಶುಕ್ರವಾರದ ಪ್ರಾರ್ಥನೆ, ಚಾಮ್ ಲಿಪಿಯ ಹಸ್ತಪ್ರತಿಗಳೊಂದಿಗೆ ಹಳೆಯ ದಾರಿಯಲ್ಲೇ ಇದೆ.

ಬುಟ್ಟಿಯೊಳಗಿನ ಪುಸ್ತಕ

ಪಾಂಡುರಂಗಕ್ಕೆ ಮರಳುತ್ತೇನೆ. ಅರಮನೆಯ ಕಡತಗಳು, 1702ರಿಂದ ಮೊದಲ್ಗೊಂಡ ದಸ್ತಾವೇಜುಗಳು, ಫ್ರೆಂಚರ ಕಾಲದಲ್ಲಿ ಪ್ಯಾರಿಸ್ಸಿಗೆ ಹೋದವು. ಈಗ ಅಲ್ಲಿನ ಏಷ್ಯಾಟಿಕ್ ಸೊಸೈಟಿಯಲ್ಲಿವೆ. ಅವುಗಳನ್ನು ಓದಿ ತನ್ನ ನಾಡಿನ ಚರಿತ್ರೆ ಬರೆದವರು ನಿನ್ ಥುವಾನಿನಲ್ಲೇ ಹುಟ್ಟಿ ಫ್ರಾನ್ಸಿನಲ್ಲಿ ವಿದ್ವಾಂಸರಾದ ಪೋ ಧರ್ಮ, 2019ರಲ್ಲಿ ತೀರಿಕೊಂಡರು. ಆದರೆ ಮನೆಯ ಪುಸ್ತಕಗಳು ಎಲ್ಲಿಗೂ ಹೋಗಲಿಲ್ಲ. ಕರ್ಮವಿಧಿ, ಪಂಚಾಂಗ, ಕಾವ್ಯ, ಮದ್ದು, ವಂಶಾವಳಿಗಳನ್ನು ಬರೆದ ಪ್ರತಿಗಳು ಚಿಯೆತ್ ಎಂಬ ಬಿದಿರಿನ ಬುಟ್ಟಿಗಳಲ್ಲಿ ಮಾಡಿನ ಕೆಳಗೆ ತೂಗಿದವು.

ಅವುಗಳ ಲಿಪಿ ಅಖರ್ ಥ್ರಾ. ನಮ್ಮ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯಿಂದ ಬಂದದ್ದು. ವ್ಯಂಜನಕ್ಕೆ ಸ್ವರಚಿಹ್ನೆ ಸುತ್ತುವ ಪದ್ಧತಿ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಪುಸ್ತಕವನ್ನು ಅವರು ಜೀವವಿರುವ ವಸ್ತುವಿನಂತೆ ಕಾಣುತ್ತಾರೆ. ವಿಧಿಯಿಲ್ಲದೆ ತೆರೆಯಬಾರದು, ತೆರೆಯದೆ ಬಹುಕಾಲ ಬಿಡಲೂಬಾರದು. ಈ ಭಕ್ತಿಯೇ ಶತಮಾನಗಳ ಕಾಲ ಪ್ರತಿಗಳನ್ನು ಕಾಪಾಡಿತು, ಈಗ ಅದೇ ಭಯವಾಗಿಯೂ ತಿರುಗಿದೆ: ಓದಬಲ್ಲ ಅಜ್ಜ ತೀರಿಕೊಂಡ ಮನೆಯವರು, ಸರಿಯಾಗಿ ಸೇವೆ ಮಾಡಲಾಗದ ಪುಸ್ತಕ ಮನೆಯಲ್ಲಿದ್ದರೆ ಕೇಡೆಂದು ಹೆದರಿ ನದಿಗೆ ಬಿಟ್ಟದ್ದುಂಟು. ಬ್ರಿಟಿಷ್ ಲೈಬ್ರರಿಯ ಅಪಾಯದಲ್ಲಿರುವ ದಾಖಲೆಗಳ ಯೋಜನೆ 2010ರ ದಶಕದಲ್ಲಿ ಇಂಥ ಪ್ರತಿಗಳ ಚಿತ್ರ ತೆಗೆಸಿ ಉಳಿಸಲು ಹಣ ಕೊಟ್ಟಿತು. ಪುಟಗಳ ಚಿತ್ರ ಇಂದು ಎಲ್ಲರಿಗೂ ಸಿಗುತ್ತದೆ. ಓದುವವರು ಬೇಕು.

ಶಾಲೆಯಲ್ಲಿ ಕಲಿಸುತ್ತಾರಲ್ಲವೇ? ಕಲಿಸುತ್ತಾರೆ, ಮತ್ತು ಅದು ಸಣ್ಣ ವಿಷಯವಲ್ಲ. 1978ರಲ್ಲಿ ಚಾಮ್ ಪಠ್ಯಪುಸ್ತಕ ಸಮಿತಿ ಸ್ಥಾಪನೆಯಾಗಿ, ಆಮೇಲೆ ನಿನ್ ಥುವಾನ್, ಬಿನ್ ಥುವಾನಿನ ಪ್ರಾಥಮಿಕ ಶಾಲೆಗಳಲ್ಲಿ ಚಾಮ್ ಮಕ್ಕಳಿಗೆ ತಮ್ಮ ಲಿಪಿ ಕಲಿಯುವ ಅವಕಾಶ ಸಿಕ್ಕಿತು. ಏಷ್ಯಾದ ಎಷ್ಟೋ ಅಲ್ಪಸಂಖ್ಯಾತ ಭಾಷೆಗಳಿಗೆ ಇದು ಕನಸು. ಆದರೆ ಸಮಿತಿ ಕಲಿಕೆ ಸುಲಭವಾಗಲೆಂದು ಕೆಲವು ಸ್ವರಚಿಹ್ನೆಗಳ ಬಳಕೆಯನ್ನೂ ಕಾಗುಣಿತವನ್ನೂ ಇಂದಿನ ಉಚ್ಚಾರಣೆಗೆ ಹೊಂದುವಂತೆ ಬದಲಿಸಿತು. ಪೋ ಧರ್ಮ ಮತ್ತು ಅವರ ಜೊತೆಗಿದ್ದವರು ಕಟುವಾಗಿ ವಿರೋಧಿಸಿದರು. ಐದು ವರ್ಷ ಕಲಿತ ಮಗು ತನ್ನ ಮನೆಯ ಬುಟ್ಟಿಯ ಪುಸ್ತಕವನ್ನು ಬಿಚ್ಚಿದರೆ ತೊದಲುತ್ತದೆ ಎಂಬುದು ಅವರ ವಾದ. ಬದಲಾವಣೆ ಇಲ್ಲದಿದ್ದರೆ ಮಗು ಕಲಿಯುತ್ತಲೇ ಇರಲಿಲ್ಲ ಎಂಬುದು ಸಮಿತಿಯವರ ಉತ್ತರ. ದಶಕಗಳಿಂದ ನಡೆದಿರುವ ಜಗಳ ಇದು. ನನ್ನ ಒಲವು ಹಳೆಯ ಕಾಗುಣಿತದ ಕಡೆಗಿದೆ. ಅದು ಚೆಂದವೆಂಬ ಕಾರಣಕ್ಕಲ್ಲ. ಈ ಜನರ ಎಲ್ಲ ಕರ್ಮಗಳೂ ಆ ಪುಸ್ತಕಗಳ ಮೇಲೆ ನಿಂತಿವೆ, ಪೂಜಾರಿಯಾಗುವವನು ಅದನ್ನೇ ಓದಬೇಕು. ಶಾಲೆ ಕಲಿಸಿದ್ದು ಗೋಪುರದೊಳಗೆ ಉಪಯೋಗಕ್ಕೆ ಬಾರದಿದ್ದರೆ ಎರಡು ಬರಹಗಳನ್ನು ಕಲಿಯುವ ಹೊರೆ ಬೀಳುವುದು ಹದಿಮೂರು ಹದಿನಾಲ್ಕರ ಹುಡುಗನ ಮೇಲೆ, ಮತ್ತು ಅವನು ಎರಡನೆಯದನ್ನು ಬಿಡುತ್ತಾನೆ.

ಹೊಸಬರು ದಾರಿ ಹುಡುಕುತ್ತಲೇ ಇದ್ದಾರೆ. 2008ರಲ್ಲಿ ಯುನಿಕೋಡ್‌ಗೆ ಚಾಮ್ ಲಿಪಿ ಸೇರಿತು, ಮೊಬೈಲಿನಲ್ಲಿ ಬರೆಯಲು ಸಾಧ್ಯವಾಯಿತು. ಚಾಕ್ಲೆಂಗ್ ಎಂಬ ನೇಕಾರರ ಹಳ್ಳಿಯಲ್ಲಿ ಹುಟ್ಟಿದ ಕವಿ ಇನ್ರಾಸಾರಾ 2000ದಿಂದ ತಗಲಾವ್ ಎಂಬ ಸಂಕಲನದ ಸಂಚಿಕೆಗಳನ್ನು ತಂದು ಚಾಮ್ ಬರಹಗಾರರ ಒಂದು ತಲೆಮಾರನ್ನೇ ಬೆಳೆಸಿದರು. ಅವರಲ್ಲಿ ಹೆಚ್ಚಿನವರು ವಿಯೆಟ್ನಾಮಿ ಭಾಷೆಯಲ್ಲೇ ಬರೆಯುತ್ತಾರೆ, ಕೆಲವರು ಎರಡರಲ್ಲೂ. ಇದನ್ನು ಸೋಲೆಂದು ಎಣಿಸುವವರಿದ್ದಾರೆ, ನಾನು ಎಣಿಸುವುದಿಲ್ಲ. ಬಹುಸಂಖ್ಯಾತರ ಭಾಷೆಯಲ್ಲಿ ನಿಂತು ‘ನಾವು ಕಲ್ಲಿನ ಅವಶೇಷಗಳಲ್ಲ, ಇಲ್ಲೇ ಇದ್ದೇವೆ’ ಎಂದು ಹೇಳುವುದಕ್ಕೆ ಧೈರ್ಯ ಬೇಕು.

ಕೊನೆಯದಾಗಿ ನೆಲದ ಮಾತು. ನಿನ್ ಥುವಾನಿನ ಕರಾವಳಿಯಲ್ಲಿ ಎರಡು ಅಣುವಿದ್ಯುತ್ ಸ್ಥಾವರಗಳ ಯೋಜನೆಗೆ ವಿಯೆಟ್ನಾಮ್ ಸಂಸತ್ತು 2009ರಲ್ಲಿ ಒಪ್ಪಿಗೆ ಕೊಟ್ಟು, 2016ರಲ್ಲಿ ಕೈಬಿಟ್ಟು, 2024ರ ನವೆಂಬರಿನಲ್ಲಿ ಮತ್ತೆ ಕೈಗೆತ್ತಿಕೊಂಡಿದೆ. ದೇಶದ ವಿದ್ಯುತ್ತಿನ ಕೊರತೆ ನಿಜವಾದದ್ದೇ. ಆದರೆ ಚಾಮರ ಕುಟ್, ಘೂರ್, ಗೋಪುರಗಳೆಲ್ಲ ಆ ಸಣ್ಣ ಬಯಲಿನೊಳಗೇ ಇವೆ. ರಗ್ಲಾಯ್ ಬೆಟ್ಟದಿಂದ ಒಂದು ದಿನದಲ್ಲಿ ನಡೆದು ಬರಬಹುದಾದ ದೂರದಲ್ಲಿ ಅಹಿಯೆರ್ ಹಳ್ಳಿ, ಅದರ ಪಕ್ಕ ಬಾನಿ ಹಳ್ಳಿ, ನಡುವೆ ಜೇಡಿಯ ಗದ್ದೆ. ಹಂಚಿಕೊಂಡು ಕಾಪಾಡುವ ಏರ್ಪಾಟು ನಡೆಯಬೇಕಾದರೆ ಹಂಚಿಕೊಂಡವರು ಒಬ್ಬರನ್ನೊಬ್ಬರು ತಲುಪುವಷ್ಟು ಹತ್ತಿರದಲ್ಲಿರಬೇಕು. ಯೋಜನೆ ರೂಪಿಸುವವರು ಎಷ್ಟು ಮನೆ, ಎಷ್ಟು ಎಕರೆ, ಎಷ್ಟು ಪರಿಹಾರ ಎಂದು ಲೆಕ್ಕ ಹಾಕುವಾಗ ಈ ದೂರಗಳನ್ನೂ ಅಳೆಯಬೇಕೆಂದು ಕೇಳುವ ಹಕ್ಕು ಚಾಮರಿಗಿದೆ.